ಬತ್ತೆ ಅನ್ನಬಾರದ ಜಾಗ

ಕುಂದಾಪುರದ ಆ ಆಸ್ಪತ್ರೆಯ ಮೇಲೆ ಭೋಜನಿಗೆ ಇವತ್ತಿಗೂ ಸಿಟ್ಟು ಹೋಗಿಲ್ಲ. ಸೂಜಿ ಚುಚ್ಚಿದ್ದಕ್ಕಲ್ಲ, ಕಾಯಿಸಿದ್ದಕ್ಕೂ ಅಲ್ಲ. "ಜೊತಿಗ್ ಯಾರ್ ಇದ್ರ್?" ಎಂದು ಕೇಳಿದ್ದಕ್ಕೆ. ಎದೆ ಹಿಡಿದುಕೊಂಡು ಮಲಗಿದ ಮನುಷ್ಯನಿಗೆ ಕೇಳುವ ಮಾತೇ ಅದು?

ಅವನಿಗೆ ಕೋಟೇಶ್ವರದಲ್ಲೊಂದು ಬಾಡಿಗೆ ಕೋಣೆ, ಐಸ್ ಪ್ಲಾಂಟಿನಲ್ಲಿ ಕೆಲಸ. ಮೊದಲು ಮುಂಬೈ ಹೋಟೆಲುಗಳಲ್ಲಿದ್ದ. ಬಾಯಿಯ ಖಾರಕ್ಕೆ ಎಲ್ಲೂ ನಿಲ್ಲಲಿಲ್ಲ, ಮದುವೆಯೂ ಕೂಡಿ ಬರಲಿಲ್ಲ. ತಾಯಿ ಇದ್ದಷ್ಟು ಕಾಲ ಜೊತೆಗೆ ಒಬ್ಬರು ಅಂತ ಇದ್ದರು. ಆಮೇಲೆ ಅದೂ ಇಲ್ಲ.

ಅವತ್ತು ಐಸ್ ಎಳೆಯುವಾಗಲೇ ಎದೆ ಹಿಂಡಿದಂತಾಗಿತ್ತು. ಆಸ್ಪತ್ರೆಯಲ್ಲಿ ಚೀಟಿ ಮಾಡಿಸುವಾಗ "ಗ್ಯಾಸ್ ಆಯ್ತ್" ಎಂದ. ನಮ್ಮ ಕಡೆ ಹೊಟ್ಟೆಯಿಂದ ಕುತ್ತಿಗೆಯವರೆಗೆ ಏನೇ ಆದರೂ ಗ್ಯಾಸೇ. ಗ್ಯಾಸಿನವನಿಗೆ ಕೊಡುವ ಟೋಕನ್ನನ್ನೇ ಕೊಟ್ಟರು, ಸಾಲಿನ ಕಡೇದು. ಬೆಂಚಿನಲ್ಲಿ ಪಕ್ಕಕ್ಕೆ ಕೂತಿದ್ದವಳು ಜಲಜ, ಸಿದ್ದಾಪುರದ ಕಡೆಯ ಹೆಂಗಸು, ಅವನಿಗಿಂತ ಹಿರಿಯಳು. ಸಕ್ಕರೆ ಕಾಯಿಲೆಯ ಕಾಲಿನ ಹುಣ್ಣಿಗೆ ಹಳೇ ಸೀರೆಯ ತುಂಡು ಸುತ್ತಿದ್ದಳು.

ಸಾಲು ಸರಿಯಲೇ ಇಲ್ಲ. ಬೈಕಿನಿಂದ ಬಿದ್ದವನನ್ನು ಹೊತ್ತು ತಂದರು, ಡಾಕ್ಟರು ಎದ್ದು ಓಡಿದರು. ವಾಪಸು ಬಂದು ಕೂತರೋ ಇಲ್ಲವೋ, ಫಿಟ್ಸ್ ಬಂದ ಮಗು. ಮತ್ತೆ ಓಡಿದರು. ಭೋಜ ನರ್ಸ್ ಶ್ರಾವ್ಯಳ ಮೇಲೆ ಹರಿಹಾಯ್ದ.

"ಎಂತ ಮರಾಯ್ತಿ, ನಾವೆಲ್ಲ ನಿಮ್ಮ್ ಬೆಂಚ್ ಒರ್ಸುಕೆ ಬಂದದ್ದಾ?"

"ಅರ್ಜೆಂಟ್ ಇದ್ದೋರನ್ನ ಮೊದ್ಲ್ ಕಾಣ್ಕಲ್ದಾ? ನಿಮ್ದ್ ಗ್ಯಾಸ್. ಕೂಕಣಿ."

"ಬೈದ್ರೆ ಸಾಲ್ ಓಡತ್ತಾ ತಮ್ಮ?" ಎಂದು ಜಲಜ ನಕ್ಕಳು. ಅವನ ಮುಖ ನೋಡಿದ್ದೇ ಆ ನಗು ಅಲ್ಲೇ ನಿಂತಿತು. ತಲೆ ಮೇಲೆ ಫ್ಯಾನ್ ತಿರುಗುತ್ತಿದೆ, ಇವನ ಅಂಗಿ ನೀರಲ್ಲಿ ಅದ್ದಿದ ಹಾಗಿದೆ.

"ಹ್ವಾಯ್ ಸಿಸ್ಟರ್! ಇದ್ ಗ್ಯಾಸ್ ಅಲ್ಲ. ನಮ್ಮನಿಯೋರಿಗೂ ಹಿಂಗೇ ಆದ್ದ್!"

ಒಳಗೆ ಮಲಗಿಸಿ ಎದೆಗೆ ವೈರು ಹಚ್ಚಿದರು. ಮಿಷನ್ನಿನಿಂದ ಕಾಗದ ಹೊರಬಂದದ್ದೇ ಎಲ್ಲರ ನಡಿಗೆ ಬದಲಾಯಿತು. ಇಂಜೆಕ್ಷನ್ ಕೊಡಲು ಮನೆಯವರ ಸಹಿ ಬೇಕಂತೆ. ಆಗ ಬಂತು ಶ್ರಾವ್ಯಳ ಆ ಪ್ರಶ್ನೆ. ಯಾರೂ ಇಲ್ಲ, ನಾನೇ ಹಾಕುತ್ತೇನೆ ಎಂದು ಕೂಗಲು ಹೋದ; ಸ್ವರ ಏಳಲಿಲ್ಲ. ಸಿಟ್ಟು ಮಾಡುವುದಕ್ಕೂ ಉಸಿರು ಬೇಕೆಂದು ಅವನಿಗೆ ಗೊತ್ತಾದದ್ದು ಆಗ.

"ನಾನಿದ್ದೆ ಅಲ್ದಾ," ಎಂದಳು ಬಾಗಿಲಲ್ಲಿ ನಿಂತ ಜಲಜ. "ನಾ ಇವನ ಅಕ್ಕ. ಎಲ್ಲಿ ಹಾಕುದ್ ಹೇಳಿ."

ಸ್ವಲ್ಪ ಹೊತ್ತಿಗೆ ಹೊರಗೆ ಅವಳ ಹೆಸರು ಕೂಗಿದ್ದು ಇಬ್ಬರಿಗೂ ಕೇಳಿತು. ಅವಳು ಕದಲಲಿಲ್ಲ. ಅವನ ತಣ್ಣಗಾದ ಪಾದಗಳನ್ನು ತಿಕ್ಕುತ್ತಾ ಕೂತಳು. ಮಧ್ಯಾಹ್ನ ಡಾಕ್ಟರ ಕೋಣೆಯ ಬಾಗಿಲು ಹಾಕಿದರು. ಅವಳ ಹುಣ್ಣನ್ನು ಯಾರೂ ನೋಡಲಿಲ್ಲ.

ಸಂಜೆ ಅವನ ನೋವು ಇಳಿದ ಮೇಲೆ ಅವಳು ಚೀಲ ಎತ್ತಿಕೊಂಡಳು.

"ಬಸ್ಸಿಗ್ ಹೊತ್ತಾಯ್ತ್. ಬತ್ತೆ ತಮ್ಮ."

ನಮ್ಮಲ್ಲಿ ಹೊರಡುವವರು ಯಾರೂ ಹೋಗುತ್ತೇನೆ ಎನ್ನುವುದಿಲ್ಲ, ಬತ್ತೆ, ಅಂದರೆ ಬರುತ್ತೇನೆ, ಎನ್ನುತ್ತಾರೆ. ಆಸ್ಪತ್ರೆಯಲ್ಲಿ ಮಾತ್ರ ಹಾಗೆನ್ನಬಾರದು. ಮತ್ತೆ ಅಲ್ಲಿಗೇ ಬರುವ ಹಾಗಾಗುತ್ತದಂತೆ. ಭೋಜನಿಗೆ ಜೀವ ಬಂದಿತ್ತಲ್ಲ, ಸಿಟ್ಟೂ ಬಂತು.

"ಆಸ್ಪತ್ರಿ ಒಳ್ಗ್ ಬತ್ತೆ ಅಂಬುಕಾಗ! ಅಷ್ಟೂ ಗೊತ್ತಿಲ್ಯಾ ನಿಮ್ಗೆ? ಹೋತೆ ಅನ್ನಿ!"

"ಆಯ್ತ್ ಮರಾಯ, ಹೋತೆ," ಎಂದು ನಗುತ್ತಲೇ, ಕಾಲು ಎಳೆಯುತ್ತಾ ಹೋದಳು. ಊರಲ್ಲಿ ಮನೆ ಎಲ್ಲಿ ಎಂದು ಅವನು ಕೇಳಲಿಲ್ಲ. ಉಪಕಾರವಾಯಿತು ಎಂದೂ ಹೇಳಲಿಲ್ಲ.

ಈಗ ಮಾತ್ರೆಗೆ ಹೋಗುವ ದಿನ ಅವನು ಕತ್ತಲೆ ಹರಿಯುವ ಮೊದಲೇ ಹೋಗಿ ಸಾಲಿನ ಮೊದಲ ಟೋಕನ್ ಹಿಡಿಯುತ್ತಾನೆ. ಹೆಸರು ಕರೆದರೂ ಏಳುವುದಿಲ್ಲ. ಕಾಲಿಗೆ ಬಟ್ಟೆ ಸುತ್ತಿದವರು ಯಾರು ಬಂದರೂ ಮುಖ ನೋಡುತ್ತಾನೆ.

"ನಿಮ್ಮನ್ನೇ ಕರದ್ದ್, ಹೋಯ್ನಿ," ಎನ್ನುತ್ತಾಳೆ ಶ್ರಾವ್ಯ. "ಯಾರಿಗ್ ಕಾಯ್ತ್ರಿ? ಜೊತಿಗ್ ಯಾರ್ ಇದ್ರ್?"

"ಅಕ್ಕ ಬಪ್ಪುದಿತ್ತ್," ಎಂದು ಗದರುತ್ತಾನೆ.

ಅವಳ ಬಾಯಲ್ಲಿ ಹೋತೆ ಎಂದು ಹೇಳಿಸಿದವನೇ ಅವನು. ಬೆಂಚು ಖಾಲಿಯಾದ ಮೇಲೆ ಒಬ್ಬನೇ ಎದ್ದು ಒಳಗೆ ಹೋಗುತ್ತಾನೆ. ಅವಳು ಅವನಿಗಾಗಿ ಬಿಟ್ಟ ಆ ದಿನದ ಸರದಿಯ ಸಾಲ ಇನ್ನೂ ಅವನ ಮೇಲೆಯೇ ಇದೆ.