ಮೋರಿಯ ಹತ್ತಿರ ಕಣ್ಣು ಮುಚ್ಚುವ ದೀಪ

ರಾಳ ಸುಟ್ಟ ವಾಸನೆ ಬಹಳ ಜನಕ್ಕೆ ಹಿಡಿಸುವುದಿಲ್ಲ. ಗಂಟಲು ಕೆರೆಯುತ್ತದೆ, ಕಣ್ಣು ಉರಿಯುತ್ತದೆ. ಈಚೆಗೆ ಸೇಡಂ ರಸ್ತೆಯ ಒಂದು ಮೊಬೈಲ್ ರಿಪೇರಿ ಅಂಗಡಿಯಲ್ಲಿ ನಿಂತಿದ್ದಾಗ ಆ ವಾಸನೆ ಮೂಗಿಗೆ ಬಡಿಯಿತು. ಅಂಗಡಿಯವರು ಬೆಸುಗೆ ಹಾಕುವ ಕಡ್ಡಿಯನ್ನು ರಾಳದ ಡಬ್ಬಿಗೆ ತಾಗಿಸಿದರು, ತೆಳ್ಳಗೆ ಬಿಳಿ ಹೊಗೆ ಎದ್ದಿತು. ಫೋನು ಸರಿಯಾಗಿ ಕೈಗೆ ಬಂದ ಮೇಲೂ ನಾನು ಅಲ್ಲೇ ನಿಂತಿದ್ದೆ. ಹಿಂದಿದ್ದವರು ಜಾಗ ಬಿಡಬಾರದೇ ಎಂಬಂತೆ ನೋಡಿದರು. ಇನ್ನೇನಾದರೂ ಕೆಲಸವಿದೆಯೇ ಎಂದು ಅಂಗಡಿಯವರು ಕೇಳಿದಾಗ, ಇಲ್ಲವೆಂದು ಹೇಳಿ ಹೊರಗೆ ಬಂದೆ. ಜೇವರ್ಗಿ ಕಾಲೋನಿಯ ಮನೆ ಮುಟ್ಟುವವರೆಗೂ ಸೆರಗಿನಲ್ಲಿ ಆ ವಾಸನೆ ಇದ್ದಂತೆಯೇ ಇತ್ತು. ನಿಜವಾಗಿ ಇರಲಿಕ್ಕಿಲ್ಲ. ಎಷ್ಟು ಒಗೆದರೂ ಆ ವಾಸನೆ ಬಿಡದಿದ್ದದ್ದು ನಮ್ಮ ಶರಣು ಅಣ್ಣನ ಅಂಗಿಗಳನ್ನು ಮಾತ್ರ.

ಆಗ ನಮ್ಮ ಮನೆ ಕಮಲಾಪುರದ ಹೊರಗೆ, ಅಪ್ಪನ ಬಾಳೆ ತೋಟದ ಅಂಚಿನಲ್ಲಿತ್ತು. ಪರಸಿ ಕಲ್ಲು ಹಾಸಿದ ನೆಲ ಬೇಸಿಗೆಯಲ್ಲೂ ತಣ್ಣಗಿರುತ್ತಿತ್ತು. ಒಳಕೋಣೆಯಲ್ಲಿ ಹಣ್ಣಾಗಲೆಂದು ಇಟ್ಟ ಕೆಂಪು ಬಾಳೆಗೊನೆಗಳ ಸಿಹಿ ವಾಸನೆ ಇಡೀ ಮನೆಗೆ ಹಬ್ಬಿರುತ್ತಿತ್ತು. ಊರಿನ ಬಸ್ ಸ್ಟ್ಯಾಂಡಿನಿಂದ ಮನೆಗೆ ಹೊಲಗಳ ನಡುವೆ ಬಂಡಿದಾರಿ. ನಡುವೆ ಒಂದು ಸಣ್ಣ ಹಳ್ಳ, ಅದರ ಮೇಲೊಂದು ಮೋರಿ. ಮನೆಗೆ ಕರೆಂಟು ಇತ್ತು, ದಾರಿಗೆ ಇರಲಿಲ್ಲ. ಮನೆಗೆ ಬರುವುದೂ ತನ್ನ ಮರ್ಜಿ ಇದ್ದಂತೆ ಬರುತ್ತಿತ್ತು, ಬಿಡಿ. ಅಣ್ಣ ಕಲಬುರಗಿಯ ಗಾಜಿಪುರದಲ್ಲಿ ಒಂದು ರೇಡಿಯೋ ರಿಪೇರಿ ಅಂಗಡಿಯಲ್ಲಿ ಕೆಲಸಕ್ಕಿದ್ದ. ಬೆಳಿಗ್ಗೆ ಸೈಕಲ್ಲನ್ನು ಬಸ್ ಸ್ಟ್ಯಾಂಡಿನ ಚಹಾದಂಗಡಿಯ ಮಗ್ಗುಲಿಗೆ ನಿಲ್ಲಿಸಿ ಬಸ್ಸು ಹತ್ತುತ್ತಿದ್ದ. ಸಂಜೆ ಬಸ್ಸಿಳಿದು ಅದೇ ಸೈಕಲ್ಲಿನಲ್ಲಿ ಮನೆಗೆ ಬರುತ್ತಿದ್ದ. ಹೊತ್ತು ಮುಳುಗಿದ ಮೇಲೆ ಆ ದಾರಿಯಲ್ಲಿ ನಮ್ಮ ಕೈ ನಮಗೇ ಕಾಣುತ್ತಿರಲಿಲ್ಲ. ಒಮ್ಮೆ ಮೋರಿಯ ಮೇಲಿಂದ ಹಳ್ಳಕ್ಕೆ ಬಿದ್ದು ಮೊಣಕಾಲು ಒಡೆದುಕೊಂಡು ಬಂದ. ಆ ಭಾನುವಾರವೇ ಸೈಕಲ್ಲಿಗೆ ದೀಪ ಮಾಡಲು ಕೂತ.

ಅಂಗಡಿಯಲ್ಲಿ ಸಿಗುವ ದೀಪ ತರಬಾರದೇ ಎಂದು ಅಪ್ಪ ಕೇಳಿದ್ದಕ್ಕೆ ನಕ್ಕು, ಮನೆಯಲ್ಲಿದ್ದ ಸಾಮಾನೆಲ್ಲ ಹುಡುಕಿ ತಂದ. ಕೆಟ್ಟ ಟಾರ್ಚಿನ ಹೊಳೆಯುವ ಬಟ್ಟಲು, ಪೌಡರ್ ಡಬ್ಬಿ, ಸೆಲ್ಲು ಇಡಲು ಪೈಪಿನ ತುಂಡು, ಸ್ವಿಚ್ಚಿಗೆ ತಗಡಿನ ಪಟ್ಟಿ, ಎಲ್ಲವನ್ನೂ ಹ್ಯಾಂಡಲ್ಲಿಗೆ ಬಿಗಿಯಲು ಹಳೆಯ ಟ್ಯೂಬಿನ ರಬ್ಬರು. ಹಿಂದಿನ ದೀಪಕ್ಕೆ ಒಡೆದ ಕೆಂಪು ಪ್ಲಾಸ್ಟಿಕ್ ಮಗ್ಗಿನ ಒಂದು ಚೂರು. ಅವ್ವನಿಗಿದ್ದ ತಕರಾರು ಒಂದೇ: ಡಬ್ಬಿ ಬೇಕೆಂದು ಇದ್ದಬದ್ದ ಪೌಡರನ್ನೆಲ್ಲ ಪೇಪರಿಗೆ ಸುರಿದುಬಿಡುತ್ತಾನೆ, ಮನೆಯಲ್ಲಿ ಎಲ್ಲಿ ಕಾಲಿಟ್ಟರೂ ಪೌಡರಿನ ಹೆಜ್ಜೆ. ಅಪ್ಪನ ಸೈಕಲ್ಲಿಗೂ ಒಂದು ಮಾಡಿಕೊಟ್ಟ. ಸೆಲ್ಲು ಪೂರಾ ಸಾಯುವವರೆಗೆ ಅಪ್ಪ ಬದಲಿಸುತ್ತಿರಲಿಲ್ಲ. ಹಾಗಾಗಿ ಅವರ ದೀಪ ಯಾವಾಗಲೂ ಸೀಮೆಎಣ್ಣೆ ಬುಡ್ಡಿಯಂತೆ ಹಳದಿ. ಅಣ್ಣನದು ಬೆಳ್ಳಗೆ, ಚುರುಕು. ಆದರೆ ಅದಕ್ಕೊಂದು ಐಬಿತ್ತು. ಮೋರಿಯ ಕಲ್ಲಿಗೆ ಚಕ್ರ ಹಾರಿದಾಗ ಒಳಗಿನ ತಗಡಿನ ಪಟ್ಟಿಯೂ ಹಾರಿ ದೀಪ ಒಂದು ಸಲ ಆರಿ ಮತ್ತೆ ಹತ್ತುತ್ತಿತ್ತು.

ಕತ್ತಲಾಗುವ ಹೊತ್ತಿಗೆ ಅವ್ವ ಜೋಳದ ಹಿಟ್ಟು ನಾದಿ ಇಟ್ಟು ಬಾಗಿಲ ಮುಂದಿನ ಕಟ್ಟೆಗೆ ಬಂದು ಕೂರುತ್ತಿದ್ದಳು. ರೊಟ್ಟಿ ಬೇಯಿಸುವ ಹಂಚು ಒಲೆಯ ಪಕ್ಕದಲ್ಲೇ ಇರುತ್ತಿತ್ತು, ಮೇಲೆ ಏರುತ್ತಿರಲಿಲ್ಲ. ದೂರದಲ್ಲಿ ಬೆಳಕು ಕಂಡರೂ ಏಳುತ್ತಿರಲಿಲ್ಲ. ಆ ದಾರಿಯಲ್ಲಿ ಬೇರೆ ತೋಟದವರೂ ಓಡಾಡುತ್ತಿದ್ದರು. ಮೋರಿಯ ಹತ್ತಿರ ಬೆಳಕು ಒಮ್ಮೆ ಕಣ್ಣು ಮುಚ್ಚಿ ತೆರೆದ ಕೂಡಲೇ ಎದ್ದು ಒಳಗೆ ಹೋಗಿ ಹಂಚು ಇಡುತ್ತಿದ್ದಳು. ಅಣ್ಣ ಸೈಕಲ್ ನಿಲ್ಲಿಸಿ ಕೈಕಾಲು ತೊಳೆದು ಬರುವಷ್ಟರಲ್ಲಿ ಮೊದಲ ರೊಟ್ಟಿ ಉಬ್ಬಿರುತ್ತಿತ್ತು. ಅಪ್ಪನ ಹಳದಿ ಬೆಳಕಿಗೂ ಹೀಗೇ. ಬೆಳಕು ಹೊತ್ತು ಬಂದವರಿಗೆ ಬಿಸಿ ರೊಟ್ಟಿ, ಮನೆಯಲ್ಲಿದ್ದವರಿಗೆ ಆಮೇಲೆ. ನಾನು ಮನೆಯಲ್ಲಿದ್ದವಳು. ನಿಮ್ಮ ಮನೆಯಲ್ಲೂ ಇನ್ನೊಬ್ಬರಿಗಾಗಿ ಯಾರೋ ಹೀಗೆ ಬಾಗಿಲಿಗೆ ಬಂದು ಕೂತಿರುತ್ತಿದ್ದರೆ, ನನಗಿದ್ದ ಹೊಟ್ಟೆಕಿಚ್ಚು ನಿಮಗೆ ತಿಳಿಯುತ್ತದೆ. ನನ್ನ ಬೆಳಕು ನೋಡಿಯೂ ಅವ್ವ ಎದ್ದು ಒಳಗೆ ಹೋಗಬೇಕು ಎಂಬುದೊಂದೇ ಆಗ ನನ್ನ ಆಸೆ.

ಹತ್ತನೇ ಇಯತ್ತೆಗೆ ಬಂದಾಗ ಊರೊಳಗೆ ಸಂಜೆಯ ಟ್ಯೂಷನ್ ಶುರುವಾಯಿತು. ಕರೆತರಲು ಅಪ್ಪ ಬರುತ್ತಿದ್ದರು. ನನಗೂ ಒಂದು ದೀಪ ಮಾಡಿಕೊಡು, ಅಪ್ಪನ ಸೈಕಲ್ಲಿಗೆ ಕಟ್ಟಿಕೊಂಡು ನಾನೇ ಬರುತ್ತೇನೆ ಎಂದು ಅಣ್ಣನ ಬೆನ್ನು ಹತ್ತಿದೆ. ಒಪ್ಪಿಕೊಂಡು ಒಂದು ಭಾನುವಾರ ಡಬ್ಬಿ ಕತ್ತರಿಸಲು ಕೂತ. ಇಷ್ಟೆಲ್ಲ ಬರುತ್ತದೆ, ನಿನ್ನ ದೀಪದ ಆ ಐಬನ್ನು ಯಾಕೆ ಸರಿಮಾಡಿಕೊಳ್ಳುವುದಿಲ್ಲ ಎಂದು ಕೆಣಕಿದೆ.

"ಅದನ್ನ ಸರಿ ಮಾಡಿದ್ರ ಅವ್ವಗ ಗುರ್ತು ಹ್ಯಾಂಗ ಸಿಗ್ತದ?" ಅಂದ. ಆಮೇಲೆ ಕೈಯಲ್ಲಿದ್ದ ತಗಡಿನ ಪಟ್ಟಿಯನ್ನು ಬೆರಳಿನಿಂದ ಮೀಟಿದ. "ನಿಂದಕ್ಕ ಪಟ್ಟಿ ಉದ್ದ ಇಡ್ತೀನಿ, ನೀಲಾ. ಎರಡು ಸಲ ಮುಚ್ಚತದ. ಎರಡು ಸಲ ಮುಚ್ಚಿದ್ರ ನೀನು."

ಪಟ್ಟಿ ಕೂರಿಸಿದ. ವೈರು ಸಾಲಲಿಲ್ಲ. ಗಾಜಿಪುರದಿಂದ ತರುತ್ತೇನೆಂದು ಡಬ್ಬಿಯನ್ನು ಗೋಡೆಯ ಗೂಡಿನಲ್ಲಿಟ್ಟ. ಆ ವಾರ ಅವನ ಕಣ್ಣು ಹಳದಿಯಾಯಿತು. ಕಾಮಣಿ ಎಂದರು, ಔಷಧ ಕೊಡಿಸಿದರು, ಇಳಿಯಲಿಲ್ಲ. ಕಲಬುರಗಿಯ ಆಸ್ಪತ್ರೆಗೆ ಸೇರಿಸಿದ ಮೇಲೆ ಬಹಳ ದಿನ ಇರಲಿಲ್ಲ. ಅವನನ್ನು ಮನೆಗೆ ತಂದದ್ದು ಮಟಮಟ ಮಧ್ಯಾಹ್ನ, ದೀಪದ ಗೊಡವೆ ಇಲ್ಲದ ಬಿಸಿಲಲ್ಲಿ. ತೋಟದ ಅಂಚಿನಲ್ಲೇ ಮಣ್ಣು ಮಾಡಿದರು. ಬಂದ ಹೆಂಗಸರು ನನ್ನನ್ನು ತಬ್ಬಿ ಅಳು ಮಗಳೇ, ಅತ್ತುಬಿಡು ಎಂದರು. ನನಗೆ ಅಳು ಬರಲಿಲ್ಲ. ಎಲ್ಲೋ ಒಂದು ವೈರು ಬಿಟ್ಟುಹೋದಂತೆ, ಒಳಗೆ ಏನೂ ಹತ್ತಲಿಲ್ಲ. ಆಸ್ಪತ್ರೆಗೆ ಹೋದ ದಿನ ಅವನೇ ಚಹಾದಂಗಡಿಯ ಮಗ್ಗುಲಿಗೆ ನಿಲ್ಲಿಸಿದ್ದ ಸೈಕಲ್ಲನ್ನು ಅಪ್ಪ ತಳ್ಳಿಕೊಂಡು ಬಂದರು.

ಪರೀಕ್ಷೆ ಹತ್ತಿರ ಬಂತು, ಟ್ಯೂಷನ್ ಬಿಡುವಂತಿರಲಿಲ್ಲ. ಅಪ್ಪ ಸಂಜೆಯಾದರೆ ತೋಟದಿಂದ ಏಳುತ್ತಿರಲಿಲ್ಲ, ಅವರನ್ನು ಬಾ ಎಂದು ಕರೆಯುವುದು ಹೇಗೆ? ಅಣ್ಣನ ಸೈಕಲ್ಲನ್ನೇ ತೆಗೆದುಕೊಂಡು ಹೋದೆ. ಬರುವಾಗ ಕತ್ತಲಾಗಿತ್ತು. ದೀಪ ಹಾಕಿದೆ; ಸೆಲ್ಲಿನಲ್ಲಿ ಇನ್ನೂ ಜೀವವಿತ್ತು. ಮೋರಿಯ ಕಲ್ಲಿಗೆ ಚಕ್ರ ಹಾರಿತು, ದೀಪ ಒಮ್ಮೆ ಆರಿ ಹತ್ತಿತು. ನನಗೆ ಏನೂ ಹೊಳೆಯಲಿಲ್ಲ. ಅಂಗಳಕ್ಕೆ ಬರುತ್ತಲೇ ಒಳಗಿನಿಂದ ರೊಟ್ಟಿ ಬಡಿಯುವ ಸದ್ದು ಕೇಳಿತು. ಮಣ್ಣು ಮಾಡಿದ ದಿನದಿಂದ ಆ ಮನೆಯಲ್ಲಿ ಅಷ್ಟು ಜೋರಾಗಿ ಕೇಳದ ಸದ್ದು. ಅಣ್ಣ ಕೂರುತ್ತಿದ್ದ ಕಂಬದ ಹತ್ತಿರ ತಾಟು ಇಟ್ಟಿತ್ತು, ಪುಂಡಿಪಲ್ಯ ಬಡಿಸಿತ್ತು. ಅವ್ವ ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನನ್ನನ್ನು ನೋಡಿದಳು. ಒಳಗೆ ಹೋಗಿ ಹಂಚಿನ ಮೇಲಿನ ರೊಟ್ಟಿ ತಂದು ತಾಟಿಗೆ ಹಾಕಿದಳು.

"ಬಿಸಿ ಅದ, ಉಣ್ಣು," ಅಂದಳು.

ಆ ತಾಟಿನ ಮುಂದೆ ಕೂತು ಉಂಡೆ. ಇಷ್ಟು ದಿನ ಬೇಡಿಕೊಂಡ ಬಿಸಿ ರೊಟ್ಟಿ ಅದು, ಆದರೆ ನನ್ನದಲ್ಲ. ರುಚಿ ಹತ್ತಲಿಲ್ಲ, ಖಾರವೂ ಹತ್ತಲಿಲ್ಲ. ತೋಟದಿಂದ ಬಂದ ಅಪ್ಪ ಎಲ್ಲವನ್ನೂ ತಿಳಿದು, ಅಣ್ಣನ ಸಾಮಾನಿನಿಂದ ಸ್ಕ್ರೂಡ್ರೈವರ್ ತೆಗೆದುಕೊಂಡು ಸೈಕಲ್ಲಿನ ಹತ್ತಿರ ಕೂತರು. ಆ ಪಟ್ಟಿಯನ್ನು ಬಿಗಿ ಮಾಡಿದರೆ ಆಯಿತು, ಇನ್ನು ಹೀಗಾಗುವುದಿಲ್ಲ ಎಂದು ಅವರ ಲೆಕ್ಕ. ಅವ್ವ ಹೊರಗೆ ಬಂದಳು.

"ಮುಟ್ಟಬ್ಯಾಡ್ರಿ. ಬಾಗಿಲಿಗೆ ಬರಾಕಿ ನೀಲಾ ಅಂತ ನನಗ ಗೊತ್ತದ. ಮೋರಿಯಿಂದ ಬಾಗಿಲ ತನಕ ಅವ ಬರ್ಲಿ ಬಿಡ್ರಿ."

ಅಪ್ಪ ಸ್ಕ್ರೂಡ್ರೈವರ್ ಕೆಳಗಿಟ್ಟರು. ಪರೀಕ್ಷೆ ಮುಗಿಯುವವರೆಗೆ ಪ್ರತಿ ಸಂಜೆ ನಾನು ಅಣ್ಣನನ್ನು ಮೋರಿಯಿಂದ ಬಾಗಿಲವರೆಗೆ ತಂದು ಬಿಟ್ಟೆ. ಮೋರಿಯ ಹತ್ತಿರ ಬಂದಾಗ ನಿಧಾನ ಮಾಡಬಹುದಿತ್ತು, ಮಾಡಲಿಲ್ಲ. ಚಕ್ರ ಸರಿಯಾಗಿ ಹಾರಲೆಂದು ಜೋರಾಗಿಯೇ ತುಳಿಯುತ್ತಿದ್ದೆ. ಗೂಡಿನಲ್ಲಿದ್ದ ನನ್ನ ಡಬ್ಬಿಯನ್ನು ಪೂರ್ತಿ ಮಾಡಿಸು ಎಂದು ಯಾರಿಗೂ ಹೇಳಲಿಲ್ಲ. ಎರಡು ಸಲದ ಮಾತು ಅವ್ವನಿಗೆ ಗೊತ್ತೇ ಆಗಲಿಲ್ಲ. ಗೊತ್ತಾಗಿದ್ದರೆ ನನ್ನ ದೀಪವನ್ನೇ ಹಾಕಿಕೋ ಎನ್ನುತ್ತಿದ್ದಳು, ಆಮೇಲೆ ಅವನು ಬರುವುದು ನಿಲ್ಲುತ್ತಿತ್ತು.

ಈಗ ಆ ತೋಟವಿಲ್ಲ, ಪ್ಲಾಟುಗಳಾಗಿವೆ. ಮೋರಿಯ ಮೇಲೆ ಸಿಮೆಂಟು ರಸ್ತೆ ಬಂದಿದೆ, ಯಾವ ಚಕ್ರವೂ ಹಾರುವುದಿಲ್ಲ. ಅಪ್ಪ ಹೋದ ಮೇಲೆ ಅವ್ವ ನನ್ನ ಜೊತೆ ಜೇವರ್ಗಿ ಕಾಲೋನಿಯಲ್ಲಿದ್ದಳು. ನಾನು ಪಾಠ ಹೇಳುವ ಶಾಲೆಯ ಕೆಲಸ ಮುಗಿಸಿ, ಕತ್ತಲಾಗುವಾಗ ಸ್ಕೂಟರಿನಲ್ಲಿ ಬರುವ ಹೊತ್ತಿಗೆ ರಸ್ತೆ ಕಾಣುವ ಗ್ಯಾಲರಿಯಲ್ಲಿ ಕೂತಿರುತ್ತಿದ್ದಳು. ಇಲ್ಲಿ ಎಲ್ಲರ ಬೆಳಕೂ ಒಂದೇ ನಮೂನಿ, ಯಾರು ಯಾರೆಂದು ತಿಳಿಯುವುದಿಲ್ಲ ಎಂದು ಬೇಸರಪಡುತ್ತಿದ್ದಳು. ನಾನು ಬೆಲ್ ಒತ್ತಿದ ಮೇಲೆಯೇ ಗ್ಯಾಸ್ ಹಚ್ಚುತ್ತಿದ್ದಳು. ಹೋದ ವರ್ಷ ಅವಳೂ ಹೋದಳು. ಆಗಲೂ ನನಗೆ ಅಳು ಬರಲಿಲ್ಲ.

ರಾಳದ ವಾಸನೆ ಕುಡಿದು ಬಂದ ಆ ಸಂಜೆ ಅವ್ವನ ಟ್ರಂಕು ತೆಗೆದೆ. ಸೀರೆಗಳ ಕೆಳಗೆ ನನ್ನ ದೀಪದ ಡಬ್ಬಿ ಇತ್ತು. ಮನೆ ಬಿಡುವಾಗ ಗೂಡಿನಿಂದ ಅವಳೇ ತೆಗೆದಿಟ್ಟಿರಬೇಕು. ಮರುದಿನ ಸೇಡಂ ರಸ್ತೆಯ ಅದೇ ಅಂಗಡಿಗೆ ಒಯ್ದು, ವೈರು ಹಾಕಿಕೊಡಿ ಎಂದೆ. ಅಂಗಡಿಯವರು ತಿರುಗಿಸಿ ನೋಡಿದರು.

"ಈ ಪಟ್ಟಿ ಸಡಿಲ ಅದರೀ ಮೇಡಂ. ಇದಕ್ಕೂ ಬೆಸುಗೆ ಹಾಕಿಬಿಡ್ಲೇನ್ರೀ?"

"ಬ್ಯಾಡ್ರಿ. ಅದು ಹಂಗೇ ಇರ್ಲಿ."

ಕತ್ತಲಾದ ಮೇಲೆ ಅಡುಗೆಮನೆಯ ಲೈಟು ಆರಿಸಿ, ಡಬ್ಬಿಗೆ ಹೊಸ ಸೆಲ್ಲು ಹಾಕಿ, ಒಲೆಕಟ್ಟೆಯ ಮೇಲಿಟ್ಟು ಹಚ್ಚಿದೆ. ಗೋಡೆಯ ಮೇಲೆ ದುಂಡನೆಯ ಬೆಳಕು ಬಿತ್ತು. ಮೋರಿಯ ಕಲ್ಲು ಇಲ್ಲವಲ್ಲ, ಅಂಗೈಯಿಂದ ಕಟ್ಟೆಯನ್ನು ಒಮ್ಮೆ ಜೋರಾಗಿ ಬಡಿದೆ. ಬೆಳಕು ಆರಿತು, ಹತ್ತಿತು. ಮತ್ತೆ ಆರಿತು, ಹತ್ತಿತು.

ಆಮೇಲೆ ಹಿಟ್ಟು ನಾದಿಕೊಂಡು, ಹಂಚು ಇಟ್ಟೆ.