ಮಾರುವ ಮುನ್ನ ಒಂದು ಫೋನು

ಸಂಜೆ ನಾಲ್ಕೂವರೆಗೆ ಟೆಸ್ಸಾ ನೊವಿಕಿ ಕಾಲೇಜಿನ ಮೆಟ್ಟಿಲ ಮೇಲೆ ಕೂತು, ತಾನು ಎಂದೂ ಕಂಡಿರದ ಕ್ರೇಗ್ ಹ್ಯಾಲೊರನ್‌ಗೆ ಫೋನು ಮಾಡಿದಳು. ಸ್ನಾನಕ್ಕೆ ಬಿಸಿನೀರಿನ ತೊಟ್ಟಿ ತಯಾರಿಸುವ ಕಂಪನಿಯೊಂದರ ಷೇರು ಮಾರಬೇಕಿತ್ತು. ಅದಕ್ಕೆ ಅವನ ಒಪ್ಪಿಗೆ ಬೇಕಿರಲಿಲ್ಲ. ಅವನಿಗೊಂದು ಮಾತು ಹೇಳಬೇಕಿತ್ತು, ಅಷ್ಟೆ.

ಅಮೆರಿಕದ ಈರಿ ಊರಿನ ಈ ಕಾಲೇಜಿನಲ್ಲಿ ಹನ್ನೆರಡು ವಿದ್ಯಾರ್ಥಿಗಳು ಸೇರಿ ಹೂಡಿಕೆ ನಿಧಿಯೊಂದನ್ನು ನಡೆಸುತ್ತಾರೆ. ಹಣ ನಿಜವಾದದ್ದು. ಅದರ ಲಾಭದಿಂದ ಪ್ರತಿವರ್ಷ ಕೆಲವರ ಪುಸ್ತಕದ ಖರ್ಚು ನಡೆಯುತ್ತದೆ. ಮೊದಲ ವರ್ಷ ಟೆಸ್ಸಾಗೂ ಆರುನೂರು ಡಾಲರ್ ಸಿಕ್ಕಿತ್ತು. ಅವಳು ನಿಧಿಗೆ ಸೇರಿದ್ದೇ ಆ ಋಣಕ್ಕೆ. ಷೇರು ಕೊಳ್ಳಿಸಲು ಇಲ್ಲಿ ಎಲ್ಲರೂ ಮುಂದೆ. ಕೆಲಸದ ಅರ್ಜಿಯಲ್ಲಿ ಅದನ್ನು ಬರೆದುಕೊಳ್ಳಬಹುದು. ಮಾರಿಸಿದೆ ಎಂದು ಯಾರೂ ಬರೆದುಕೊಳ್ಳುವುದಿಲ್ಲ. ಜೊತೆಗೆ, ಯಾವುದೇ ಷೇರು ಮಾರುವ ಮುನ್ನ ಅದನ್ನು ಕೊಳ್ಳಿಸಿದ ಹಳೆಯ ವಿದ್ಯಾರ್ಥಿಗೆ ತಿಳಿಸಬೇಕೆಂಬ ಸಂಪ್ರದಾಯ ಬೇರೆ.

ಕ್ರೇಗ್ ಇದನ್ನು ಕೊಳ್ಳಿಸಿದ್ದು ಕೊರೋನಾ ಕಾಲದಲ್ಲಿ, ಜನ ಮನೆ ಬಿಟ್ಟು ಹೊರಡಲಾಗದೆ ಹಿತ್ತಲಿಗೆ ತೊಟ್ಟಿ ತರಿಸುತ್ತಿದ್ದಾಗ. ಈಗ ಬೆಲೆ ಅಂದಿನ ಮೂರನೇ ಒಂದು ಪಾಲು. ಏಪ್ರಿಲ್ ಇಪ್ಪತ್ತೊಂಬತ್ತರ ಆ ಸಂಜೆ ವರ್ಷದ ಕೊನೆಯ ಸಭೆಯಿತ್ತು. ಅಂದು ಮಾರದಿದ್ದರೆ, ಬೇಸಿಗೆ ರಜೆ ಮುಗಿಯುವವರೆಗೆ ಅದನ್ನು ಯಾರೂ ಮುಟ್ಟುವಂತಿರಲಿಲ್ಲ.

"ನೋಡಮ್ಮ, ಒಳ್ಳೇ ಕಂಪನಿ ಅದು," ಎಂದ ಕ್ರೇಗ್. ಅವನೀಗ ಕ್ಲೀವ್‌ಲ್ಯಾಂಡಿನಲ್ಲಿ ಒಂದು ವಿಮಾ ಕಚೇರಿಯ ಮ್ಯಾನೇಜರ್. "ನಿಮ್ಗೆ ತಾಳ್ಮೆ ಇಲ್ಲ."

"ನಾಲ್ಕು ವರ್ಷ ತಾಳಿದೀವಿ, ಕ್ರೇಗ್."

"ಎಷ್ಟೊತ್ತಿಗೆ ಸಭೆ? ನಾನೂ ವಿಡಿಯೋದಲ್ಲಿ ಬರ್ತೀನಿ. ಹತ್ತೇ ನಿಮಿಷ."

ಐದು ಗಂಟೆಗೆ ಹತ್ತು ಮಂದಿ ಸೇರಿದರು. ಮತಕ್ಕೆ ಹಾಕಲು ಕೋಣೆಯಲ್ಲಿ ಎಂಟು ಜನ ಇರಲೇಬೇಕು. ಫೋನಿನಲ್ಲಿ ಹಾಕಿದ ಮತ ಲೆಕ್ಕಕ್ಕಿಲ್ಲ. ಟೆಸ್ಸಾ ತನ್ನ ಮಾತನ್ನು ಆರು ನಿಮಿಷದಲ್ಲಿ ಮುಗಿಸಿದಳು. ಆಮೇಲೆ ಗೋಡೆಯ ಪರದೆಯ ಮೇಲೆ ಕ್ರೇಗ್ ಬಂದ. ಹನ್ನೊಂದು ಪುಟ ತಯಾರಿಸಿಕೊಂಡು ಬಂದಿದ್ದ. ಐದೂ ಮುಕ್ಕಾಲಿಗೆ ಐದನೇ ಪುಟದಲ್ಲಿದ್ದ. ಅಷ್ಟರಲ್ಲಿ ಪ್ರಯೋಗಾಲಯಕ್ಕೆ ಹೊತ್ತಾಯಿತೆಂದು ಇಬ್ಬರು ಎದ್ದು ಹೋಗಿದ್ದರು.

ಟೆಸ್ಸಾ ಅಧ್ಯಕ್ಷ ಡೆಸ್ಮಂಡ್‌ನ ಕಡೆ ಬಾಗಿದಳು. "ಸಾಕು ಅನ್ನೋ."

"ಜೂನಿಂದ ಅವರ ಆಫೀಸಲ್ಲೇ ನಂಗೆ ಕೆಲಸ. ನೀನೇ ಅನ್ನು."

"ನೀನು ಅಧ್ಯಕ್ಷ ಕಣೋ."

"ಅದಕ್ಕೇ ಮರ್ಯಾದೆಯಾಗಿರೋದು."

ಅವಳೇ ಅಂದಳು: "ಕ್ರೇಗ್, ನಾವು ವೋಟಿಗೆ ಹಾಕ್ಬೇಕು."

"ಖಂಡಿತ, ಖಂಡಿತ. ಈ ಒಂದು ಚಿತ್ರ ನೋಡ್ಬಿಡಿ. ಚಳಿಗಾಲದಲ್ಲಿ ತೊಟ್ಟಿ ಮೇಲೆ ಹಬೆ ಹೆಂಗೆ ಏಳತ್ತೆ ನೋಡಿ."

ಎಲ್ಲರೂ ಹಬೆ ನೋಡಿದರು. ಉಳಿದ ಎಂಟು ಜನರಲ್ಲೊಬ್ಬನಾದ ಮ್ಯಾಡಕ್ಸ್ ಬಾಗಿಲ ಬಳಿ ಸದ್ದಿಲ್ಲದೆ ಜಾಕೆಟ್ ಹಾಕಿಕೊಳ್ಳುತ್ತಿದ್ದ. ಆರು ಗಂಟೆಗೆ ಅವನು ದಿನಸಿ ಅಂಗಡಿಯ ಗಲ್ಲಾದಲ್ಲಿರಬೇಕು. ಟೆಸ್ಸಾ ಅವನ ತೋಳು ಹಿಡಿದಳು.

"ಒಂದೇ ನಿಮಿಷ ಕಣೋ. ನೀನು ಹೋದ್ರೆ ಏಳೇ ಜನ."

"ಈ ತಿಂಗಳು ಎರಡು ಸಲ ತಡ ಆಗಿದೆ. ಮೂರನೇದಕ್ಕೆ ನಮ್ಮ ಮ್ಯಾನೇಜರಿಗೆ ನೀನು ಹೇಳ್ತೀಯಾ?"

"ಕೈ ಎತ್ತಿ ಹೋಗು."

"ಯಾವುದಕ್ಕೆ ಎತ್ಲಿ? ಅವ್ರು ಇನ್ನೂ ಮುಗಿಸಿಲ್ವಲ್ಲ."

ಅವನು ಹೋದ. ಆರೂ ಹತ್ತಕ್ಕೆ ಕ್ರೇಗ್ ಮುಗಿಸಿ, ನಿರ್ಧಾರ ನಿಮಗೇ ಬಿಟ್ಟಿದ್ದು, ನಾನು ಒತ್ತಾಯ ಮಾಡುವವನಲ್ಲ ಎಂದ. ಡೆಸ್ಮಂಡ್ ತಲೆಗಳನ್ನು ಎಣಿಸಿದ, ಮತ್ತೊಮ್ಮೆ ಎಣಿಸಿದ. ಏಳು. ಮತದಾನ ನಡೆಯಲಿಲ್ಲವೆಂದು ಟಿಪ್ಪಣಿಯಲ್ಲಿ ಬರೆದುಕೊಂಡ.

"ಸಾರಿ ಕಣೆ," ಎಂದ.

"ಆ ಹಾಳು ತೊಟ್ಟೀಲಿ ನೀನೇ ಕೂತ್ಕೋ," ಎಂದಳು ಟೆಸ್ಸಾ, ಕಂಪ್ಯೂಟರನ್ನು ಚೀಲಕ್ಕೆ ತುರುಕುತ್ತಾ.

ತೊಟ್ಟಿ ಕಂಪನಿ ತನ್ನ ಮೂರು ತಿಂಗಳ ವ್ಯಾಪಾರದ ವರದಿಯನ್ನು ಮೇ ಎಂಟರಂದು ಪ್ರಕಟಿಸುತ್ತದೆ; ಷೇರಿನ ಬೆಲೆ ಏಳುವುದೂ ಬೀಳುವುದೂ ಅದರ ಮೇಲೆ. ನಿಧಿಯ ಮುಂದಿನ ಸಭೆ ಸೆಪ್ಟೆಂಬರ್ ಎರಡರ ಮಂಗಳವಾರ, ಸಂಜೆ ಐದಕ್ಕೆ.