ಉಣ್ಣೆಯಂಗಿ ಮಡಿಲಿಗೆ ಬರದೆ ಗೇಟು ಏಳುವುದಿಲ್ಲ

ಬೆಳಗಿನ ಏಳೂವರೆ. ಹಾರ್ಡಾಂಗರ್ ಬೆಟ್ಟದ ಮೇಲೆ ಬೆಳಕು ಇನ್ನೂ ಬರಲೋ ಬೇಡವೋ ಎಂದು ಅನುಮಾನಿಸುತ್ತಿದೆ. ಮೈನಸ್ ಹದಿನಾಲ್ಕರ ಚಳಿ, ಅದು ಸಾಲದೆಂಬಂತೆ ಗಾಳಿ. ರಸ್ತೆಗೆ ಅಡ್ಡವಾಗಿ ಇಳಿಬಿಟ್ಟ ಗೇಟಿನ ಬಳಿ ಹಳದಿ ಕೋಟಿನ ಹೆಂಗಸೊಬ್ಬರು ಕಾರಿನ ಗಾಜು ತಟ್ಟುತ್ತಾರೆ.

"ಉಣ್ಣೆಯಂಗಿ ಇದೆಯಾ?"

"ಇದೆ."

"ಎಲ್ಲಿ? ತೋರ್ಸು."

ಇವರು ಗುನ್ವರ್ ಹೋವ್ಲಾನ್, ಐವತ್ತೆಂಟು ವರ್ಷ. ಹಿಮಗಾಳಿ ಎದ್ದ ದಿನ ಈ ದಾರಿಯಲ್ಲಿ ಯಾರನ್ನೂ ಒಂಟಿಯಾಗಿ ಬಿಡುವುದಿಲ್ಲ. ಹಿಮ ತಳ್ಳುವ ಲಾರಿ ಮುಂದೆ, ಅದರ ಬೆನ್ನಿಗೆ ಕಾರುಗಳ ಸಾಲು, ಎಲ್ಲಕ್ಕಿಂತ ಹಿಂದೆ ಗುನ್ವರ್ ಅವರ ಗಾಡಿ. ಪಶ್ಚಿಮದ ಗೇಟಿನಲ್ಲಿ ಎಷ್ಟು ಕಾರು ಎಣಿಸಿದರೋ ಪೂರ್ವದ ಗೇಟಿನಲ್ಲೂ ಅಷ್ಟೇ ಇಳಿಯಬೇಕು. ಚಳಿಗಾಲವೊಂದಕ್ಕೆ ಇಂಥ ನೂರ ನಲವತ್ತು ಸಾಲು. ಕೆಲವು ದಿನ ನಾಲ್ಕು ಸಲ ಬೆಟ್ಟ ದಾಟಿದ್ದೂ ಉಂಟು. ಹತ್ತೊಂಬತ್ತು ಚಳಿಗಾಲ ಹೀಗೇ ಕಳೆದಿವೆ. ಮುಂದಿನ ಲಾರಿಯ ಫೋಟೊ ಎಲ್ಲರ ಫೋನಿನಲ್ಲೂ ಇರುತ್ತದೆ. ಬಾಲದ ಗಾಡಿಯ ಫೋಟೊ ತೆಗೆದ ಪುಣ್ಯಾತ್ಮ ಇನ್ನೂ ಹುಟ್ಟಿಲ್ಲ.

ಇವತ್ತು ಬರ್ಗನ್‌ನ ಶಾಲೆಗಳಿಗೆ ಚಳಿಗಾಲದ ರಜೆ ಶುರು. ಊರಿಗೆ ಊರೇ ಸ್ಕೀ ಕಟ್ಟಿಕೊಂಡು ಬೆಟ್ಟದಾಚೆಯ ಯೈಲೋ ಕಡೆಗೆ ಹೊರಟಿದೆ. ಕಾರಿನ ತಲೆಯ ಮೇಲೆ ಉದ್ದನೆಯ ಪೆಟ್ಟಿಗೆ, ಹಿಂದಿನ ಸೀಟಿನಲ್ಲಿ ಮಕ್ಕಳು, ಮಕ್ಕಳ ಕೈಯಲ್ಲಿ ಕಿತ್ತಳೆ. ಒಳಗೆ ಹೀಟರಿನ ಬಿಸಿ, ಹಾಗಾಗಿ ಎಲ್ಲರೂ ತೆಳು ಅಂಗಿಯಲ್ಲಿ ಹಾಯಾಗಿ ಕೂತಿದ್ದಾರೆ. ಬೆಚ್ಚನೆಯ ಬಟ್ಟೆಯೆಲ್ಲ ತಲೆಯ ಮೇಲಿನ ಪೆಟ್ಟಿಗೆಯಲ್ಲಿ, ಸ್ಕೀಗಳ ಅಡಿಯಲ್ಲಿ. ಗುನ್ವರ್ ಅವರ ತಕರಾರು ಇರುವುದೇ ಅಲ್ಲಿ.

"ಯಾರೂ ಸುಳ್ಳು ಹೇಳಲ್ಲ," ಎನ್ನುತ್ತಾರೆ ಅವರು. "ಬಟ್ಟೆ ಇದೆಯಾ ಅಂದ್ರೆ ಇದೆ ಅಂತಾರೆ. ಇರುತ್ತೆ ಕೂಡ. ಆದ್ರೆ ಮೇಲೆ ಗಾಳಿ ಶುರುವಾದ್ರೆ ಆ ಪೆಟ್ಟಿಗೆ ತೆಗೆಯೋಕಾಗಲ್ಲ. ಆಗ ಬಟ್ಟೆ ಬರ್ಗನ್‌ನಲ್ಲಿದ್ರೂ ಒಂದೇ, ತಲೆ ಮೇಲಿದ್ರೂ ಒಂದೇ."

ಇದನ್ನು ಅವರು ಕಲಿತದ್ದು ಕೆಲಸಕ್ಕೆ ಸೇರಿದ ಏಳನೆಯ ಚಳಿಗಾಲದಲ್ಲಿ. ಹನ್ನೆರಡು ಕಾರುಗಳ ಸಾಲು ಬೆಟ್ಟದ ನಡುವೆ ಐದು ಗಂಟೆ ಸಿಕ್ಕಿಬಿತ್ತು. ಒಬ್ಬ ತಂದೆ ಪೆಟ್ಟಿಗೆ ತೆರೆದದ್ದೇ ತಡ, ಗಾಳಿ ಮುಚ್ಚಳ ಕಿತ್ತು, ಬಟ್ಟೆಗಳನ್ನೆಲ್ಲ ಬಾಚಿಕೊಂಡು ಹೋಯಿತು. ಎರಡು ವರ್ಷದ ಮಗುವನ್ನು ಗುನ್ವರ್ ತಮ್ಮ ಕೋಟಿನೊಳಗೆ ಎದೆಗವಚಿಕೊಂಡು ಕೂತರು. ಮಗು ಉಳಿಯಿತು. ಎಡಗಾಲಿನ ಮೂರು ಬೆರಳು ಉಳಿಯಲಿಲ್ಲ.

"ಗೇಟಲ್ಲಿ ಕಾರು ಎಣಿಸಿದ್ದೆ. ಆ ಮಗು ಮೈಮೇಲೆ ಏನಿದೆ ಅಂತ ನೋಡಿರ್ಲಿಲ್ಲ. ತಪ್ಪು ನಂದು. ಬೇರೆಯವರು ಅಲ್ಲ ಅಂದ್ರು, ಆದ್ರೆ ನಂದೇ," ಎಂದು ಹೇಳಿ ಅವರು ಮುಂದಿನ ಕಾರಿನತ್ತ ನಡೆಯುತ್ತಾರೆ.

ಹದಿನೇಳನೆಯ ಕಾರು ಬಂದಾಗ ಒಂಬತ್ತರ ಸಾಲು ಹೊರಡಲು ಹತ್ತು ನಿಮಿಷವಿದೆ. ಬ್ಯಾಟರಿಯ ಕಾರು, ಚಾಲಕ ಆಸ್ಗೇರ್, ಪಕ್ಕದಲ್ಲಿ ಹೆಂಡತಿ, ಹಿಂದೆ ಹತ್ತು ವರ್ಷದ ಮಗಳು ರಾಗ್ನ ಮತ್ತು ಪುಟ್ಟ ತಮ್ಮ. ರಾಗ್ನಳ ಮೊದಲ ಸ್ಕೀ ಸ್ಪರ್ಧೆ ಯೈಲೋದಲ್ಲಿ ಮಧ್ಯಾಹ್ನ ಹನ್ನೆರಡಕ್ಕೆ. ಎದೆಗೆ ಕಟ್ಟುವ ನಂಬರನ್ನು ಅವಳು ಈಗಲೇ ಕಟ್ಟಿಕೊಂಡಿದ್ದಾಳೆ: ಎಂಟು. ಒಬ್ಬೊಬ್ಬರಾಗಿ ಹೊರಡುವ ಸ್ಪರ್ಧೆಯಲ್ಲಿ ಅವಳು ಎಂಟನೆಯವಳು.

"ಪೆಟ್ಟಿಗೆ ಬೀಗ ಹಿಮ ಕಟ್ಟಿದೆ, ತೆಗೆಯಕ್ಕಾಗಲ್ಲ," ಎಂದು ಆಸ್ಗೇರ್ ಕಡ್ಡಿ ಮುರಿದಂತೆ ಹೇಳುತ್ತಾನೆ. "ಒಂದು ಗಂಟೆ ದಾರಿ. ಕಾರು ಬೆಚ್ಚಗಿದೆ. ನೀನು ಸುಮ್ನೆ ಗೇಟೆತ್ತು." ಈ ನಾಡಿನಲ್ಲಿ ಮಂತ್ರಿಗೂ ಏಕವಚನವೇ, ಅದಕ್ಕೆ ಯಾರೂ ಬೇಜಾರು ಮಾಡಿಕೊಳ್ಳುವುದಿಲ್ಲ.

"ಹಾಗಾದ್ರೆ ಪಕ್ಕಕ್ಕೆ ಹಾಕು. ಮುಂದಿನ ಸಾಲು ಹನ್ನೊಂದೂವರೆಗೆ."

"ಮಗಳ ಸ್ಪರ್ಧೆ ಹೋಗುತ್ತೆ!"

"ಹೋಗುತ್ತೆ."

ಜಪ್ಪಯ್ಯ ಅಂದರೂ ಗುನ್ವರ್ ಜಗ್ಗುವುದಿಲ್ಲ. ಆದರೆ ಹುಡುಗಿಯ ಮುಖವನ್ನೂ ಒಮ್ಮೆ ನೋಡುತ್ತಾರೆ. ತಮ್ಮ ಗಾಡಿಗೆ ಹೋಗಿ ಫ್ಲಾಸ್ಕ್ ತಂದು, ದಿನದ ಕಾಫಿಯನ್ನೆಲ್ಲ ಆ ಬೀಗದ ಮೇಲೆ ಸುರಿಯುತ್ತಾರೆ. ಅಷ್ಟರಲ್ಲಿ ಲಾರಿಯ ಔದುನ್ ರೇಡಿಯೊದಲ್ಲಿ ಗೊಣಗುತ್ತಾನೆ: "ಏನೇ, ಇವತ್ತು ಹೊರಡೋದೋ, ಇಲ್ಲೇ ಮನೆ ಕಟ್ಟೋದೋ?"

"ನೀನು ಮುಂದೆ ನೋಡ್ಕೊ. ಹಿಂದಿನದು ನನ್ನ ಪಾಡು."

ಬೀಗ ಬಾಯಿ ಬಿಡುತ್ತದೆ. ಉಣ್ಣೆಯ ಅಂಗಿ, ಚಡ್ಡಿ, ಟೊಪ್ಪಿಗೆ ಎಲ್ಲ ಮಕ್ಕಳ ಮಡಿಲಿಗೆ ಬೀಳುತ್ತವೆ. ಸಾಲು ಆರು ನಿಮಿಷ ತಡವಾಗಿ ಹೊರಡುತ್ತದೆ. ಆಸ್ಗೇರ್ ಮುಖ ಗಂಟಿಕ್ಕಿಕೊಂಡೇ ಗಾಜು ಏರಿಸುತ್ತಾನೆ.

ಅರ್ಧ ದಾರಿಯಲ್ಲಿ ಔದುನ್‌ನ ದನಿ ಬರುತ್ತದೆ. ಮುಂದೆ ಲಾರಿಯೆತ್ತರದ ಹಿಮದ ದಿಬ್ಬ, ಅದನ್ನು ಕೊರೆಯುವ ಯಂತ್ರ ಆ ಕಡೆಯಿಂದ ಬರಬೇಕು. ಸಾಲು ನಿಲ್ಲುತ್ತದೆ. ಹೊಗೆಕೊಳವೆ ಹಿಮದಲ್ಲಿ ಹೂತರೆ ವಿಷದ ಹೊಗೆ ಒಳಗೆ ನುಗ್ಗುತ್ತದೆ, ಹಾಗಾಗಿ ಎಲ್ಲರೂ ಎಂಜಿನ್ ಆರಿಸಬೇಕು. ಕಾರುಗಳಿಂದ ಯಾರೂ ಇಳಿಯುವಂತಿಲ್ಲ. ಇಳಿಯುವವರು ಗುನ್ವರ್ ಒಬ್ಬರೇ. ಒಂದು ಕೈ ಕಾರಿನ ಮೇಲೆ, ಇನ್ನೊಂದು ಕೈ ಮುಂದಿನ ಕಾರಿಗಾಗಿ ತಡಕಾಡುತ್ತ, ಕಣ್ಣಿಗೆ ಏನೂ ಕಾಣದ ಬಿಳುಪಿನಲ್ಲಿ ಹದಿನೇಳು ಗಾಜು ತಟ್ಟಿ ಬರುತ್ತಾರೆ. ಒಂದೂ ಮುಕ್ಕಾಲು ಗಂಟೆಯಲ್ಲಿ ಹೀಗೆ ಐದು ಸಲ.

ಬ್ಯಾಟರಿ ಮುಗಿಯುವ ಭಯಕ್ಕೆ ಆಸ್ಗೇರ್ ಹೀಟರ್ ನಿಲ್ಲಿಸಿದ್ದಾನೆ. ಗಾಜಿನ ಒಳಮೈಯಲ್ಲೂ ಹಿಮ ಕಟ್ಟಿದೆ. ಹಿಂದಿನ ಸೀಟಿನಲ್ಲಿ ಎರಡು ಉಣ್ಣೆಯ ಮೂಟೆಗಳು ಕಿತ್ತಳೆಯ ಕೊನೆಯ ತೊಳೆಗಾಗಿ ಜಗಳವಾಡುತ್ತಿವೆ. ಪುಟ್ಟನ ಬೆರಳುಗಳನ್ನು ಗುನ್ವರ್ ಒಂದೊಂದಾಗಿ ಮುಟ್ಟಿ ನೋಡುತ್ತಾರೆ. ಹತ್ತೂ ಬೆಚ್ಚಗಿವೆ. ಅವರಿಗೆ ಜೀವ ಬಂದಂತಾಗುತ್ತದೆ. ಆಸ್ಗೇರ್ ಹಿಂದಕ್ಕೆ ತಿರುಗಿ ಮಗನ ಟೊಪ್ಪಿಗೆಯನ್ನು ಕಿವಿಯ ತನಕ ಎಳೆಯುತ್ತಾನೆ.

ಪೂರ್ವದ ಗೇಟು ತಲುಪಿದಾಗ ಹನ್ನೆರಡಕ್ಕೆ ಹತ್ತು ನಿಮಿಷ. ಹದಿನೇಳೂ ಇಳಿದಿವೆ. ಹದಿನಾರು ಕಾರುಗಳು ಔದುನ್‌ನ ಲಾರಿಗೆ ಕೈಬೀಸಿ ಹಾರಿಹೋಗುತ್ತವೆ. ಒಂದು ಮಾತ್ರ ರಸ್ತೆ ಬದಿಗೆ ನಿಲ್ಲುತ್ತದೆ.

"ಸ್ಪರ್ಧೆಯವ್ರಿಗೆ ಫೋನ್ ಮಾಡ್ದೆ," ಎನ್ನುತ್ತಾನೆ ಆಸ್ಗೇರ್, ನೆಲ ನೋಡುತ್ತ. "ಬರ್ಲಿ, ಬಿಡ್ತೀವಿ ಅಂದ್ರು."

"ಎಲ್ಲರೂ ಹೋದ್ಮೇಲೆ," ಎಂದು ಹಿಂದಿನಿಂದ ರಾಗ್ನ ಅಳುದನಿಯಲ್ಲಿ ಸೇರಿಸುತ್ತಾಳೆ. "ನನ್ನ ನಂಬರ್ ಎಂಟು. ಈಗ ಎಲ್ಲರಿಗಿಂತ ಕೊನೇಲಿ ಹೋಗ್ಬೇಕು. ಎಲ್ಲಾ ನಗ್ತಾರೆ."

ಗುನ್ವರ್ ಕಿಟಕಿಯ ಬಳಿ ಬಾಗುತ್ತಾರೆ. ಹುಬ್ಬಿನ ಮೇಲೆ ಹಿಮ ಇನ್ನೂ ಕರಗಿಲ್ಲ.

"ನಾನು ಹತ್ತೊಂಬತ್ತು ವರ್ಷದಿಂದ ಕೊನೇಲೇ ಬರ್ತಿದೀನಿ ಕಣೇ," ಎನ್ನುತ್ತಾರೆ. "ನಾನು ಬಂದ್ಮೇಲೇನೇ, ಎಲ್ಲರೂ ಬಂದ್ರು ಅಂತ ಗೇಟು ಮುಚ್ಚೋದು."